ತೊಳೆದು ಹಿಂದಿರುಗಿಸಿದ ಡಬ್ಬಿಗಳು

ಎದ್ದೊಡನೆ ಹಾಲು ಕಾಸಿದೆ, ಫಿಲ್ಟರಿಗೆ ಕಾಫಿಪುಡಿ ಒತ್ತಿ ಬಿಸಿನೀರು ಹಾಕಿದೆ, ಅದು ತೊಟ್ಟಿಕ್ಕುವಷ್ಟರಲ್ಲಿ ಬಾಲ್ಕನಿಯ ತುಳಸಿಗೂ ಕರಿಬೇವಿಗೂ ನೀರು ಕಾಣಿಸಿದೆ, ಕೋಸಂಬರಿಗೆ ಹೆಸರುಬೇಳೆ ನೆನೆಹಾಕಿದೆ, ನಿನ್ನೆ ಒಣಗದೆ ಉಳಿದ ಬಟ್ಟೆಗಳ ಮಗ್ಗುಲು ಬದಲಿಸಿ ಮತ್ತೆ ಹರವಿದೆ, ಭಾನುವಾರದ ಪೇಪರನ್ನು ನಮ್ಮೆಜಮಾನರಿಗೂ ನನಗೂ ಪಾಲು ಮಾಡಿದೆ, ಒಲೆ ಒರೆಸಿದೆ, ಆಮೇಲೆ ಗೋಧಿಹಿಟ್ಟು ತೆಗೆಯಲೆಂದು ಅಡುಗೆಮನೆಯ ಮೇಲಿನ ಕಪಾಟಿನ ಬಾಗಿಲು ತೆರೆದೆ. ತಲೆಯ ಮೇಲೆ ಏನೂ ಬೀಳಲಿಲ್ಲ.

ತಲೆಯ ಮೇಲೆ ಏನೂ ಬೀಳದಿರುವುದು ಉಳಿದವರ ಮನೆಗಳಲ್ಲಿ ಬರೆದಿಡುವಂಥ ಸಂಗತಿಯಲ್ಲವೆಂದು ಬಲ್ಲೆ. ಆದರೆ ಪುರಾಣಗಳಲ್ಲಿ ಪುಣ್ಯಾತ್ಮರ ಮೇಲೆ ಆಕಾಶದಿಂದ ಪುಷ್ಪವೃಷ್ಟಿಯಾದಂತೆ ನನ್ನ ಮೇಲೆ ಇಷ್ಟು ವರ್ಷಗಳೂ ದಿನಕ್ಕೆರಡು ಬಾರಿ ಮುಚ್ಚಳವೃಷ್ಟಿಯಾಗುತ್ತಿತ್ತು. ಬಲಗೈಯಲ್ಲಿ ಬಾಗಿಲು ತೆರೆಯುವುದು, ಎಡಗೈಯನ್ನು ಅಭಯಹಸ್ತದ ಭಂಗಿಯಲ್ಲಿ ಎತ್ತಿ ಡಬ್ಬಿಗಳನ್ನು ತಡೆಯುವುದು, ಬೇಕಾದದ್ದನ್ನು ಗಲ್ಲದಿಂದ ಒತ್ತಿ ಹಿಡಿದು ಎಳೆದುಕೊಳ್ಳುವುದು, ಇದೊಂದು ಯೋಗಾಸನವಾಗಿಯೇ ನನಗೆ ಸಿದ್ಧಿಸಿತ್ತು. ಈಗ ಕಪಾಟು ಚೊಕ್ಕಟವಾಗಿದೆ. ಎಡಗೈ ಮಾತ್ರ ಇನ್ನೂ ತಾನಾಗಿ ಮೇಲೇಳುತ್ತದೆ, ಹಿಡಿಯಲು ಏನೂ ಸಿಗದೆ ಪೆಚ್ಚಾಗಿ ಇಳಿಯುತ್ತದೆ. ಈ ಚೊಕ್ಕಟತನಕ್ಕೆ ನಾವು ತೆತ್ತದ್ದೇನು ಎಂಬುದನ್ನು ತಿಳಿಸಬೇಕಾದರೆ ಡಬ್ಬಿಗಳ ವಂಶಾವಳಿಯಿಂದಲೇ ತೊಡಗಬೇಕು. ನಿಮಗೆ ಅವಸರವಿಲ್ಲದಿದ್ದರೆ ಕುಳಿತುಕೊಳ್ಳಿ.

ನಮ್ಮ ಡಬ್ಬಿಗಳಲ್ಲಿ ಕುಲೀನವಾದವು ಮೈಸೂರಿನಿಂದ ಬಂದ ಸ್ಟೀಲ್ ಡಬ್ಬಿಗಳು. ಮದುವೆಯ ಹೊತ್ತಿಗೆ ಉಡುಗೊರೆ ಕೊಟ್ಟವರು ಅಂಗಡಿಯವನಿಂದ ತಂತಮ್ಮ ಹೆಸರು ಕೊರೆಸಿದ್ದರಿಂದ, ಅಡುಗೆಮನೆಯಲ್ಲಿ ನಮ್ಮ ಸೋದರತ್ತೆಯರೆಲ್ಲ ಚುಕ್ಕೆ ಚುಕ್ಕೆ ಅಕ್ಷರಗಳಲ್ಲಿ ಸಾಲಾಗಿ ನಿಂತಿದ್ದಾರೆ. ಎರಡನೆಯವು ಇಲ್ಲಿ ಕೊಲ್ಕತ್ತಾದ ಪಾರ್ಕ್ ಸ್ಟ್ರೀಟಿನ ಹೋಟೆಲುಗಳಿಂದ ಊಟ ಹೊತ್ತುಕೊಂಡು ಬಂದು ಮರಳಿ ಹೋಗುವ ದಾರಿ ಮರೆತ ಕಪ್ಪು ಪ್ಲಾಸ್ಟಿಕ್ ಡಬ್ಬಿಗಳು. ಮೂರನೆಯವು ಹಳೆಯ ಬಟ್ಟೆಗೆ ಬದಲಾಗಿ ಬಂದವು. ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿಯಲ್ಲಿ ಕೂಗುತ್ತ ಬರುವ ಹೆಂಗಸು ಹಳೆಯ ಸೀರೆ, ಷರಟು, ಪರದೆಗಳನ್ನು ತೆಗೆದುಕೊಂಡು ಹೊಳೆಯುವ ಸ್ಟೀಲ್ ಪಾತ್ರೆ ಕೊಡುತ್ತಾಳಲ್ಲ, ಆಕೆಯ ಕೃಪೆಯಿಂದ ಈ ನಗರದಲ್ಲಿ ಯಾರೇ ಆಗಲಿ ಬಟ್ಟೆಯ ಬೀರುವನ್ನು ಖಾಲಿ ಮಾಡಿದರೆ ಅಡುಗೆಮನೆಯ ಕಪಾಟು ತುಂಬುತ್ತದೆ. ಲೋಕದಲ್ಲಿ ದ್ರವ್ಯಕ್ಕೆ ನಾಶವಿಲ್ಲ, ರೂಪಾಂತರವಷ್ಟೇ ಎಂಬ ಸತ್ಯವನ್ನು ನಾನು ಕಂಡುಕೊಂಡದ್ದು ನಮ್ಮೆಜಮಾನರ ಎರಡು ಪ್ಯಾಂಟುಗಳು ಒಂದು ಇಡ್ಲಿಹಿಟ್ಟಿನ ಡಬ್ಬಿಯಾದ ದಿನ.

ಇನ್ನು ಪ್ಲಾಸ್ಟಿಕ್ ಐಸ್‌ಕ್ರೀಮ್ ಡಬ್ಬಿಗೆ ಮನುಷ್ಯನಂತೆಯೇ ನಾಲ್ಕು ಆಶ್ರಮಗಳುಂಟು. ಐಸ್‌ಕ್ರೀಮ್ ತುಂಬಿಕೊಂಡು ಎಲ್ಲರ ಕಣ್ಣಿಗೆ ಬಿದ್ದು ನಲಿಯುವುದು ಮೊದಲನೆಯದು. ಮಿಕ್ಕ ಹುಳಿಯನ್ನೂ ಪಲ್ಯವನ್ನೂ ಹೊತ್ತು ಫ್ರಿಜ್ಜಿನಲ್ಲಿ ಸಂಸಾರ ನಡೆಸುತ್ತ ಅರಿಶಿನದ ಕಲೆ ಹಚ್ಚಿಕೊಳ್ಳುವುದು ಎರಡನೆಯದು. ಅಲ್ಲಿಂದ ದೇವರ ಗೂಡಿನ ಕೆಳಗೆ ಸರಿದು ಹೂಬತ್ತಿ, ರಂಗೋಲಿಪುಡಿ ಇಟ್ಟುಕೊಂಡು ಶಾಂತವಾಗುವುದು ವಾನಪ್ರಸ್ಥ. ಕಡೆಗೆ ಮುಚ್ಚಳವನ್ನೂ ತ್ಯಜಿಸಿ ಬಾಲ್ಕನಿಯ ಬಿಸಿಲಲ್ಲಿ ಬಟ್ಟೆಗೆ ಹಾಕುವ ಕ್ಲಿಪ್ಪುಗಳ ಸಹವಾಸದಲ್ಲಿ ಕೂರುವುದು ಸನ್ನ್ಯಾಸ. ಮೋಕ್ಷ ಮಾತ್ರ ನಮ್ಮ ಮನೆಯಲ್ಲಿ ಯಾವ ಡಬ್ಬಿಗೂ ದೊರೆತದ್ದಿಲ್ಲ.

ಇಂಥ ಕಪಾಟಿನ ಮೇಲೆ ಕಣ್ಣಿಟ್ಟವಳು ನಮ್ಮ ಮಗಳು ಸುಮಿ. ಇಲ್ಲೇ ಕಸ್ಬಾ ಬಡಾವಣೆಯ ಆಫೀಸೊಂದರಲ್ಲಿ ಕೆಲಸ ಮಾಡುತ್ತಾಳೆ. ಊಟದ ಹೊತ್ತಿನಲ್ಲಿ ಫೋನಿನಲ್ಲಿ ಪರದೇಶದ ಹೆಂಗಸರ ಅಡುಗೆಮನೆಗಳನ್ನು ನೋಡುತ್ತಾಳೆ. ಆ ಅಡುಗೆಮನೆಗಳಲ್ಲಿ ಎಲ್ಲವೂ ಗಾಜಿನ ಭರಣಿಗಳಲ್ಲಿ ಸೈನ್ಯದಂತೆ ನಿಂತಿರುತ್ತವೆ. ಆದರೆ ಒಬ್ಬರಾದರೂ ಅಲ್ಲಿ ಅಡುಗೆ ಮಾಡಿದ ಕುರುಹು ಮಾತ್ರ ಕಾಣುವುದಿಲ್ಲ. ಹಿಂದಿನ ಭಾನುವಾರಕ್ಕೂ ಹಿಂದಿನ ಭಾನುವಾರ, ಜಾಡಿಯ ಮುಚ್ಚಳವೊಂದು ಅವಳ ಕಾಫಿಯೊಳಗೇ ಬಿದ್ದಾಗ ಅವಳು ರಣಕಹಳೆ ಊದಿದಳು.

"ಅಮ್ಮ, ಬಸ್. ಇವತ್ತು ಎಲ್ಲಾ ಕೆಳಗೆ ಇಳಿಸೋದು. ಯಾವ ಡಬ್ಬಿಗೆ ಯಾವ ಮುಚ್ಚಳ, ನೋ ಒನ್ ನೋಸ್. ಜೋಡಿ ಇಲ್ಲದ್ದು ಔಟ್, ನಮ್ದಲ್ಲದ್ದು ರಿಟರ್ನ್."

ನಮ್ಮೆಜಮಾನರು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಹೇಳಿಕೊಡುವವರು. ಮನೆಯಲ್ಲಿ ಯಾವ ಕೆಲಸ ಶುರುವಾದರೂ ಅವರು ಅದಕ್ಕೆ ಸಿದ್ಧಾಂತವನ್ನು ಒದಗಿಸಿ, ಕೈಗಳನ್ನು ನಮಗೆ ಬಿಟ್ಟುಕೊಡುತ್ತಾರೆ. ಕುರ್ಚಿಯಲ್ಲೇ ಕುಳಿತು, "ಉಪಯೋಗಕ್ಕೆ ಬಾರದ ದಾಸ್ತಾನು ಅಂದ್ರೆ ಸತ್ತ ಬಂಡವಾಳ ಕಣೇ, ಜಯಾ" ಎಂದರು. ಆ ದಾಸ್ತಾನಿನಿಂದ ತಮ್ಮ ಉಪ್ಪಿನಕಾಯಿ ಭರಣಿಯೊಂದನ್ನೂ, ಕೊತ್ತಂಬರಿ ಬೆಳೆಸುತ್ತೇನೆಂದು ಕೂಡಿಟ್ಟ ಮಿಷ್ಟಿ ದೋಯಿ ಎಂಬ ಸಿಹಿಮೊಸರಿನ ಮಣ್ಣಿನ ಕುಡಿಕೆಗಳನ್ನೂ ಹೊರಗಿಡತಕ್ಕದ್ದೆಂದು ಅನಂತರ ತಿದ್ದುಪಡಿ ಸೂಚಿಸಿದರು.

ಡಬ್ಬಿಗಳನ್ನು ಕಡಿಮೆ ಮಾಡುವ ಕಾರ್ಯದ ಪ್ರಥಮ ಹೆಜ್ಜೆ ಹೊಸ ಡಬ್ಬಿಗಳನ್ನು ಕೊಳ್ಳುವುದು ಎಂಬುದು ನನಗೆ ಆವತ್ತೇ ಗೊತ್ತಾದದ್ದು. ಮಾಲಿಗೆ ಹೋಗಿ ಒಂದೇ ಅಳತೆಯ, ಒಂದೇ ಎತ್ತರದ, ಒಂದೇ ಮುಖದ ಗಾಜಿನ ಜಾಡಿಗಳನ್ನು ತಂದೆವು. ಹಳೆಯ ಡಬ್ಬಿಗಳಿಗೆ ಮುಖಲಕ್ಷಣವಿತ್ತು: ಸೊಟ್ಟ ಡಬ್ಬಿಯಲ್ಲಿ ತೊಗರಿಬೇಳೆ, ಬಿಸ್ಕತ್ತಿನ ಚಿತ್ರವಿದ್ದದ್ದರಲ್ಲಿ ಸಾಸಿವೆ, ಸೋದರತ್ತೆ ಪದ್ಮಾವತಮ್ಮನಲ್ಲಿ ಸಕ್ಕರೆ. ಈಗ ಎಲ್ಲ ಒಂದೇ ಆದ್ದರಿಂದ ಚೀಟಿ ಅಂಟಿಸಬೇಕಾಯಿತು. ಚೀಟಿ ಬರೆದವಳು ಸುಮಿ. ಸಾರಿನಪುಡಿ, ಹುಳಿಪುಡಿ, ವಾಂಗೀಭಾತಿನ ಪುಡಿಗಳ ನಡುವಿನ ಸೂಕ್ಷ್ಮ ಭೇದ ಕೊಲ್ಕತ್ತಾದಲ್ಲಿ ಬೆಳೆದ ಮಗುವಿಗೆ ಎಲ್ಲಿಂದ ತಿಳಿಯಬೇಕು? ಬ್ರೌನ್ ಪೌಡರ್ ಒಂದು, ಬ್ರೌನ್ ಪೌಡರ್ ಎರಡು, ಬ್ರೌನ್ ಪೌಡರ್ ಮೂರು ಎಂದು ಇಂಗ್ಲಿಷಿನಲ್ಲಿ ಮುದ್ದಾಗಿ ಬರೆದು ಅಂಟಿಸಿದಳು. ಮರುದಿನ ಸಾರಿನಲ್ಲಿ ಚಕ್ಕೆ, ಮೊಗ್ಗಿನ ಪರಿಮಳ ಎದ್ದಾಗ ನಮ್ಮೆಜಮಾನರು, "ಇವತ್ತು ಸ್ವಲ್ಪ ಬಂಗಾಳದ ಛಾಯೆ ಬಂದಿದೆ, ಚೆನ್ನಾಗಿದೆ" ಎಂದು ಮೆಚ್ಚಿ ಎರಡನೆಯ ಬಾರಿ ಬಡಿಸಿಕೊಂಡರು.

ಇಲ್ಲಿಯವರೆಗಿನದೆಲ್ಲ ನಗೆಪಾಟಲು. ಕೆಟ್ಟದ್ದು 'ನಮ್ಮದಲ್ಲದ್ದು ರಿಟರ್ನ್' ಎಂಬ ಕಾಯಿದೆಯಿಂದ.

ನಮ್ಮ ಎದುರು ಮನೆಯಲ್ಲಿ ಬೌದಿ ಇದ್ದಾರೆ. ಬೌದಿ ಎಂದರೆ ಅತ್ತಿಗೆ; ಸುಮಿಗೆ ಅವರು ಜೇಠಿಮಾ, ಅಂದರೆ ದೊಡ್ಡಮ್ಮ. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ಹಿಂದಿಯೂ ನೆಟ್ಟಗೆ ಬಾರದ ನಾನು ಈ ಊರಿಗೆ ಬಂದ ಹೊಸತರಲ್ಲಿ, ನಾನೇನು ಮಾತಾಡುತ್ತೇನೆಂದು ಅರ್ಥವಾಗುವುದಕ್ಕೆ ಮುಂಚೆಯೇ ನನ್ನೊಡನೆ ಜಗಳವಾಡುವಷ್ಟು ಸಲಿಗೆ ಬೆಳೆಸಿಕೊಂಡವರು. ಗಂಟೆ ಒತ್ತದೆ ನಮ್ಮ ಮನೆಯೊಳಗೆ ಬರುವವರು ಈ ಮಹಾನಗರದಲ್ಲಿ ಅವರೊಬ್ಬರೇ. "ಕೀ ಗೋ ಜೊಯಾ, ಬೇಚೇ ಆಛೋ?" ಎಂದು, ಅಂದರೆ ಇನ್ನೂ ಬದುಕಿದ್ದೀಯೇನೇ ಎಂದು, ಪ್ರತಿ ದಿನ ಬೆಳಿಗ್ಗೆ ಬಾಲ್ಕನಿಯಿಂದ ವಿಚಾರಿಸುವವರು. ನಮ್ಮಿಬ್ಬರ ನಡುವೆ ಭಾಷೆ ಪಕ್ಕಾ ಆಗುವ ಮೊದಲೇ ಡಬ್ಬಿಗಳು ಓಡಾಡತೊಡಗಿದವು. ಅವರಿಂದ ವಿಜಯದಶಮಿಯಾದ ಮೇಲೆ ನಾಡು ಎಂಬ ಕೊಬ್ಬರಿಯ ಉಂಡೆ, ಸಂಕ್ರಾಂತಿಗೆ ಖರ್ಜೂರದ ಬೆಲ್ಲದ ಹೂರಣ ಸುತ್ತಿದ ಪಾಟಿಶಾಪ್ಟಾ ದೋಸೆ. ಇಲ್ಲಿಂದ ಒಬ್ಬಟ್ಟು, ಎಳ್ಳುಬೆಲ್ಲ, ಚಟ್ನಿಪುಡಿ. ಚಟ್ನಿಪುಡಿಯನ್ನು ಅವರು ಸಂಜೆ ಕಡಲೆಪುರಿಗೆ ಕಲಸಿಕೊಂಡು ತಿನ್ನುತ್ತಾರೆ, ಇಡ್ಲಿಯ ಜೊತೆ ತಿನ್ನುವ ನಮ್ಮನ್ನು ರಸಜ್ಞಾನವಿಲ್ಲದವರೆಂದು ಆಡಿಕೊಳ್ಳುತ್ತಾರೆ. ಬಂದ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ಪದ್ಧತಿ ಅವರಲ್ಲೂ ಉಂಟು, ನಮ್ಮಲ್ಲೂ ಉಂಟು. ಹೀಗಾಗಿ ಅವರ ಡಬ್ಬಿಯನ್ನು ತುಂಬಲು ತಕ್ಕದ್ದೇನಾದರೂ ಮಾಡುವವರೆಗೆ ಅದು ನಮ್ಮಲ್ಲಿ ನಿಲ್ಲುತ್ತದೆ. ಅಷ್ಟರಲ್ಲಿ ಇನ್ನೊಂದು ಬರುತ್ತದೆ. ಎರಡು ಮನೆಗಳ ಡಬ್ಬಿಗಳು ಹೀಗೆ ಸಂಬಂಧ ಬೆಳೆಸಿ ಬೆರೆತುಹೋಗಿದ್ದವು.

ಸುಮಿ ಅವುಗಳಲ್ಲಿ ಬೌದಿಯವನ್ನೆಲ್ಲ ಹೆಕ್ಕಿದಳು. ಒಂದೊಂದರಲ್ಲೂ ಏನಾದರೂ ಹಾಕಿ ನಿಧಾನವಾಗಿ ಕೊಡೋಣ ಎಂದೆ.

"ಅಯ್ಯೋ ಅಮ್ಮ, ನೀನು ತುಂಬಿಸ್ತೀಯ, ಜೇಠಿಮಾ ಮತ್ತೆ ತುಂಬಿಸ್ತಾರೆ. ಇನ್‌ಫೈನೈಟ್ ಲೂಪ್ ಅದು! ಒಂದ್ಸಲ ಕ್ಲೋಸ್ ಮಾಡು."

ಕುರ್ಚಿಯ ಕಡೆಯಿಂದಲೂ ಅನುಮೋದನೆ ಬಂತು. ಬೆನ್ನು ನೋಯುತ್ತಿತ್ತು, ನೆಲವೆಲ್ಲ ಡಬ್ಬಿಗಳಾಗಿ ಕಾಲಿಡಲು ಜಾಗವಿರಲಿಲ್ಲ, ನನ್ನ ಬಾಯಿಂದ 'ಹೂಂ' ಹೊರಟಿತು. ಕೊಡುವುದೇ ಆದರೆ ಹೊಸದರ ಹಾಗಿರಲಿ ಎಂದು ಹುಣಿಸೆಹಣ್ಣು ಹಾಕಿ ತಿಕ್ಕಿದೆ, ಬಿಸಿಲಿಗಿಟ್ಟೆ. ತಳದಲ್ಲಿ ಏನೇನೋ ಕೆಂಪು ಕಲೆಗಳಿದ್ದವು. ಅವನ್ನು ಸುಮಿ ಉಗುರುಬಣ್ಣ ಅಳಿಸುವ ದ್ರವ ಹಚ್ಚಿ ಒಂದೂ ಬಿಡದೆ ತೆಗೆದಳು. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಟವಳು, ಅವರಿನ್ನೂ ಮಲಗಿರಬಹುದೆಂದು, ಬೌದಿಯ ಬಾಗಿಲಿನ ಹಿಡಿಗೆ ಚೀಲವನ್ನು ನೇತುಹಾಕಿ ಹೋದಳು. ಮುರಿದುಬಿದ್ದ ನಿಶ್ಚಿತಾರ್ಥದ ಬಳಿಕ ಬೀಗರು ಉಡುಗೊರೆ ಹಿಂದಿರುಗಿಸಿದ ಹಾಗೆ ಅದು ದಿನವಿಡೀ ನೇತಾಡಿ, ಸಂಜೆಯ ಹೊತ್ತಿಗೆ ಒಳಗೆ ಹೋಯಿತು.

ಮಂಗಳವಾರ ಬೆಳಿಗ್ಗೆ ನಮ್ಮ ಬಾಗಿಲಿನ ಹಿಡಿಯಲ್ಲಿ ಅದಕ್ಕಿಂತ ದೊಡ್ಡದೊಂದು ಚೀಲ. ನಮ್ಮ ಡಬ್ಬಿಗಳು. ಕಳೆದೇಹೋದವೆಂದು ನಾನು ಕರ್ಮಾಂತರ ಮುಗಿಸಿದ್ದವೂ ಅದರಲ್ಲಿದ್ದವು. ಸೋದರತ್ತೆಯರಲ್ಲಿ ಮೂವರು ತವರಿನಿಂದ ಬಂದಂತೆ ಬಂದಿದ್ದರು. ಎಲ್ಲವೂ ತೊಳೆದು, ಒರೆಸಿ, ಖಾಲಿ. ಜೊತೆಗೆ ಬಿಡಿ ಮುಚ್ಚಳಗಳ ಒಂದು ಕಟ್ಟು. ಜೋಡಿಯಿಲ್ಲವೆಂಬ ಅಪರಾಧಕ್ಕೆ ನಾವು ಹಿಂದಿನ ದಿನವಷ್ಟೇ ಹಳೇ ಸಾಮಾನಿನವನಿಗೆ ಕೊಟ್ಟು ಕಳಿಸಿದ ಡಬ್ಬಿಗಳ ಮುಚ್ಚಳಗಳೇ ಅವು. ಡಬ್ಬಿಯಿಲ್ಲದ ಆ ಮುಚ್ಚಳಗಳನ್ನು ಎದುರಿಟ್ಟುಕೊಂಡು ಸಂಜೆ ಸುಮಿ ಪೆಚ್ಚಾಗಿ ಕುಳಿತಾಗ ನಮ್ಮೆಜಮಾನರಿಗೂ ಸಿದ್ಧಾಂತ ಸಿಕ್ಕಲಿಲ್ಲ. ಕಳಿಸಿದ್ದಕ್ಕಿಂತ ಬಂದದ್ದು ಹೆಚ್ಚಾಗಿ, ನೆಲ ಮತ್ತೆ ಕಾಲಿಡದಂತಾಗಿತ್ತು.

ನನಗೆ ಕಾಲಿಡಲು ಮನಸ್ಸೂ ಇರಲಿಲ್ಲ. ಬುಧವಾರ ಬಾಲ್ಕನಿಯಿಂದ ನಾನು ಬದುಕಿದ್ದೇನೆಯೇ ಎಂದು ಯಾರೂ ವಿಚಾರಿಸಲಿಲ್ಲ. ಗುರುವಾರವೂ ಇಲ್ಲ. ಶುಕ್ರವಾರ ಲಿಫ್ಟಿನಲ್ಲಿ ಎದುರಾದರು. "ನಮಸ್ಕಾರ. ಚೆನ್ನಾಗಿದ್ದೀರಾ?" ಎಂದರು. ಇಷ್ಟು ವರ್ಷಗಳಲ್ಲಿ ಬೌದಿ ನಾನು ಚೆನ್ನಾಗಿದ್ದೇನೆಯೇ ಎಂದು ಎಂದೂ ಕೇಳಿದವರಲ್ಲ. ಚೆನ್ನಾಗಿಲ್ಲ, ಸೊರಗಿದ್ದೀಯ, ಬಣ್ಣಗೆಟ್ಟಿದ್ದೀಯ, ಸಾರೆಂಬ ಆ ಹುಳಿನೀರು ಕುಡಿದು ಹೀಗಾಗಿದ್ದೀಯ ಎಂದು ತಾವೇ ಹೇಳುತ್ತಿದ್ದವರು. ಚೆನ್ನಾಗಿದ್ದೇನೆ ಎಂದೆ. ಕೆಳಗಿಳಿಯುವವರೆಗೆ ಇಬ್ಬರೂ ಅಂತಸ್ತಿನ ಅಂಕಿಗಳನ್ನೇ ನೋಡುತ್ತ ನಿಂತೆವು. ಮಾರುಕಟ್ಟೆಗೆ ಹೋದವಳು ಏನು ಕೊಳ್ಳಲು ಬಂದೆನೆಂಬುದನ್ನೇ ಮರೆತು ಬರಿಗೈಯಲ್ಲಿ ಮರಳಿದೆ.

ಅದರ ಮುಂದಿನ ವಾರವೂ ಹೀಗೆಯೇ ಸರಿಯಿತು. ಖಾಲಿ ಡಬ್ಬಿ ಕಳಿಸಿದ್ದಕ್ಕೆ ಇಷ್ಟು ಕೋಪವೇ? ತುಂಬಿ ಕಳಿಸಿ ಸರಿಪಡಿಸೋಣವೆಂದು ಒಂದು ದಿನ ಒಬ್ಬಟ್ಟಿಗೆ ಕಣಕ ಕಲಸಲು ಹೊರಟು ನಿಲ್ಲಿಸಿದೆ. ತಪ್ಪು ಮಾಡಿ ಸಿಹಿ ಕಳಿಸುವುದು ದಂಡ ಕಟ್ಟಿದ ಹಾಗೆ. ಅವರು ತಿರುಗಿ ಏನೋ ಕಳಿಸುತ್ತಾರೆ, ಎರಡು ಸರಕಾರಗಳ ನಡುವಿನ ಪತ್ರವ್ಯವಹಾರದಂತೆ ಅಚ್ಚುಕಟ್ಟಾಗಿ ಮುಗಿದುಹೋಗುತ್ತದೆ. ನನಗೆ ಬೇಕಾಗಿದ್ದದ್ದು ಮುಗಿಯುವುದಲ್ಲ. ಇವತ್ತು ಬೆಳಿಗ್ಗೆ ತಲೆಯ ಮೇಲೆ ಏನೂ ಬೀಳದ ಕಪಾಟಿನ ಮುಂದೆ ನಿಂತಾಗ ಹೊಳೆಯಿತು: ಕೊಡಲು ಹೋಗಬಾರದು, ಕೇಳಲು ಹೋಗಬೇಕು. ಹಿಂದಿರುಗಿ ಬಂದು ಮಂಚದಡಿ ಸೇರಿದ್ದ ಚೀಲದಿಂದ ನಮ್ಮದೇ ಒಂದು ಖಾಲಿ ಡಬ್ಬಿ ತೆಗೆದು, ಸೆರಗಿಗೆ ಕೈ ಒರೆಸಿಕೊಂಡು ಎದುರು ಮನೆಯ ಗಂಟೆ ಒತ್ತಿದೆ.

ಬೌದಿ ನನ್ನ ಮುಖ ನೋಡಿದರು, ಡಬ್ಬಿ ನೋಡಿದರು. ನಮ್ಮಿಬ್ಬರದು ಹಿಂದಿ, ಬಂಗಾಳಿ ಸೇರಿದ ಒಂದು ಮನೆಮಾತು. ಅದನ್ನು ಕನ್ನಡಕ್ಕೆ ಇಳಿಸಿದರೆ ಹೀಗಾಗುತ್ತದೆ.

"ಇನ್ನೂ ಒಂದು ಉಳ್ಕೊಂಡಿತ್ತೇನು?"

"ಇದು ನಮ್ದು, ಬೌದಿ. ಖಾಲಿ."

"ಖಾಲಿ ಕಳ್ಸೋದು ನಿಮ್ಮನೇಲಿ ಹೊಸ ಪದ್ಧತಿ, ಗೊತ್ತಾಯ್ತು. ಇದನ್ನ ನಾನೇನು ಮಾಡ್ಲಿ?"

"ಏನಾದ್ರೂ ಹಾಕ್ಕೊಡಿ. ಚಪಾತಿಗೆ ಏನೂ ಇಲ್ಲ."

ಅಷ್ಟಕ್ಕೆ ಅವರ ಗಂಭೀರತೆಯ ಕಟ್ಟೆ ಒಡೆಯಿತು. "ನಮ್ಮನೇದು ತಿಂತೀಯೇನು ಈಗ? ತಿನ್ನಲ್ಲ ಅಂತ ಹೇಳಿ ಕಳ್ಸಿದ್ದೀಯಲ್ಲ!"

"ನಾನೆಲ್ಲಿ ಹೇಳ್ದೆ?"

"ಬಾಯಲ್ಲೇ ಹೇಳ್ಬೇಕಾ? ಬಾ ಇಲ್ಲಿ." ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು. ನಾವು ಕಳಿಸಿದ ಚೀಲ ಇನ್ನೂ ಮೂಲೆಯ ಮೊಳೆಯಲ್ಲಿ ತೂಗುತ್ತಿತ್ತು. ಒಂದು ಡಬ್ಬಿಯನ್ನು ಹೊರಗೆಳೆದು ಬೋರಲು ಹಾಕಿ ನನ್ನ ಮೂಗಿನ ಮುಂದೆ ಹಿಡಿದರು. "ಚುಕ್ಕೆ ಎಲ್ಲಿ?"

"ಯಾವ ಚುಕ್ಕೆ?"

ಆಗ ಹೇಳಿದರು. ಅವರ ಮನೆಯಲ್ಲಿ ಮೀನಿಲ್ಲದೆ ಊಟವಿಲ್ಲ. ದಾದಾ, ಅಂದರೆ ಅವರ ಯಜಮಾನರು, ದಿನವೂ ಮೀನು ತರುತ್ತಾರೆ. ನಾವು ಮೀನು ಮುಟ್ಟದವರು. ಆದ್ದರಿಂದ ನಾವು ಈ ಮನೆಗೆ ಬಂದ ಮೊದಲ ವರ್ಷವೇ ನಮಗೆಂದು ಕೆಲವು ಡಬ್ಬಿಗಳನ್ನು ಬೇರೆ ತೆಗೆದು, ತಳದಲ್ಲಿ ಕೆಂಪು ಉಗುರುಬಣ್ಣದ ಚುಕ್ಕೆ ಇಟ್ಟಿದ್ದರು. ಚುಕ್ಕೆಯ ಡಬ್ಬಿಗೆ ಬೇರೆ ಗೂಡು, ತಿಕ್ಕಲು ಬೇರೆ ನಾರು. ದಾದಾ ಒಮ್ಮೆ ತಿಳಿಯದೆ ಅಂಥದೊಂದರಲ್ಲಿ ಮಿಕ್ಕ ಪಾಬ್ದಾ ಮೀನಿನ ಸಾರು ಹಾಕಿಟ್ಟಿದ್ದಕ್ಕೆ ಡಬ್ಬಿಯನ್ನೇ ಕೆಲಸದವಳಿಗೆ ಕೊಟ್ಟು, ದಾದಾರೊಡನೆ ಎರಡು ದಿನ ಮಾತು ಬಿಟ್ಟಿದ್ದರು. ಇಷ್ಟು ವರ್ಷ ನಡೆಸಿದ ಆಚಾರವನ್ನು ನಮಗೊಂದು ಮಾತು ಹೇಳಿರಲಿಲ್ಲ. ಹೇಳುವಂಥದ್ದೇನಿದೆ ಅದರಲ್ಲಿ ಎಂದು ಅವರ ಭಾವ.

"ಯಾರೋ ಬಂದು ನಿನ್ನ ಕಿವಿ ಊದಿದ್ದಾರೆ, ಬೌದಿ ಡಬ್ಬೀಲಿ ಮೀನಿರತ್ತೆ ಅಂತ. ಅದಕ್ಕೇ ಎಲ್ಲಾ ಹಿಂದಕ್ಕೆ ಬಂತು. ಅದೂ ಹೇಗೆ? ಒಂದೊಂದು ಚುಕ್ಕೇನೂ ಕೆರೆದು! ನಿನ್ನ ಮಡಿ ನಮಗೆ ಬೇಡ ಅಂತ. ರಾತ್ರಿ ಊಟ ಇಳೀಲಿಲ್ಲ ನನಗೆ."

ನನಗೆ ಮೊದಲು ನಗು ಬಂತು, ಆ ನಗು ನಡುವೆಯೇ ಬೇರೆಯದಾಗಿ ಕಣ್ಣಿಗೆ ಬಂತು. ಇಷ್ಟು ವರ್ಷ ಆ ಡಬ್ಬಿಗಳಿಂದ ತಿಂದಿದ್ದೇನೆ. ಒಂದು ಬಾರಿಯೂ ತಳ ತಿರುಗಿಸಿ ನೋಡಿದವಳಲ್ಲ. ಕಡೆಗೆ ನೋಡಿದ್ದು ತೊಡೆದುಹಾಕಲು. ಮಾಲು, ಜಾಡಿ, ಬ್ರೌನ್ ಪೌಡರ್, ಇನ್‌ಫೈನೈಟ್ ಲೂಪ್ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಬೌದಿ ಸೊಂಟದ ಮೇಲೆ ಕೈಯಿಟ್ಟು ಪೂರ್ತಿ ಕೇಳಿ, ನಮ್ಮ ಮನೆಯ ದಿಕ್ಕಿಗೆ ತಿರುಗಿ ಕೂಗಿದರು.

"ಏಯ್ ಸುಮಿ! ಎದಿಕೇ ಆಯ್!"

ಸುಮಿ ಹಲ್ಲುಜ್ಜುವ ಬ್ರಷ್ಷಿನ ಸಮೇತ ಓಡಿಬಂದಳು. ವಿಷಯ ತಿಳಿದು ಮುಖ ಸಣ್ಣದಾಯಿತು. "ಸಾರಿ ಜೇಠಿಮಾ, ಸ್ಟೇನ್ ಅಂದ್ಕೊಂಡೆ. ಸಚ್ಚೀ."

"ಸ್ಟೇನ್! ನಿನ್ನ ಬಣ್ಣ ತಗೊಂಡು ಬಾ, ಹೋಗು."

ಸುಮಿ ತಂದದ್ದು ಈಗಿನ ಹುಡುಗಿಯರು ಹಚ್ಚುವ, ಬೂದಿಯೂ ಅಲ್ಲದ ನೇರಳೆಯೂ ಅಲ್ಲದ ಬಣ್ಣ. ಬೌದಿ ಸೀಸೆಯನ್ನು ಬೆಳಕಿಗೆ ಹಿಡಿದು, "ಇದು ಬಣ್ಣವೇನೇ? ಜ್ವರ ಬಿಟ್ಟವರ ಉಗುರಿನ ಹಾಗಿದೆ" ಎಂದರು. ಆದರೂ ಚೀಲದ ಡಬ್ಬಿಗಳನ್ನು ನೆಲದ ಮೇಲೆ ಬೋರಲಾಗಿ ಸಾಲಿಟ್ಟರು. ಎರಡು ವಾರ ಅವನ್ನು ಗೂಡಿಗೆ ಸೇರಿಸದೆ, ಮೀನಿನ ಡಬ್ಬಿಗಳೊಡನೆ ಬೆರೆಸದೆ ಮೊಳೆಗೆ ತೂಗುಹಾಕಿಯೇ ಇಟ್ಟಿದ್ದರೆಂಬುದು ನನಗೆ ಆಗ ಗಮನಕ್ಕೆ ಬಂತು. ಸುಮಿ ಮೊಣಕಾಲೂರಿ ಒಂದೊಂದಕ್ಕೂ ಚುಕ್ಕೆ ಇಟ್ಟಳು. ಬೌದಿ ಮೇಲೆ ನಿಂತು, ದೊಡ್ಡದಾಗಿ ಇಡು, ಸ್ವಲ್ಪ ದೊಡ್ಡದಾಗಿ, ಕುರುಡರಿಗೂ ಕಾಣಬೇಕು ನಿಮ್ಮಮ್ಮನಂಥವರಿಗೆ, ಎನ್ನುತ್ತಿದ್ದರು.

ಯಾವುದು ಯಾರದೆಂಬುದು ಸ್ಪಷ್ಟವಾಗಿ, ಅವರವರದು ಅವರವರ ಕಪಾಟಿಗೆ ಸೇರಿಬಿಟ್ಟರೆ ಮನೆ ಚೊಕ್ಕಟವಾಗುತ್ತದೆ, ನಿಜ. ಆದರೆ ಆಮೇಲೆ ಒಬ್ಬರ ಬಾಗಿಲನ್ನು ಒಬ್ಬರು ತಟ್ಟುವುದಕ್ಕೆ ನೆಪವೇನು? ಹೀಗೆಂದು ನಾನು ಹೇಳಿದ್ದನ್ನು ನಮ್ಮೆಜಮಾನರು ಮೆಚ್ಚಿ, ಅರ್ಥಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿದೆ ಎಂದರು. ಇರಬಹುದು, ಇಲ್ಲಿನ ಡಬ್ಬಿಗಳು ಹೆಸರಿಲ್ಲದೆಯೇ ಇಷ್ಟು ದಿನ ಓಡಾಡಿವೆ.

ದಾದಾ ತಮ್ಮ ಅಕ್ಕನ ಮನೆಗೆ ಬರ್ಧಮಾನಕ್ಕೆ ಹೋಗಿದ್ದರಿಂದ ಬೌದಿ ಮಧ್ಯಾಹ್ನ ನಮ್ಮಲ್ಲಿಗೇ ಬಂದರು. ಗಂಟೆ ಒತ್ತಲಿಲ್ಲ. ನಾನು ಕೊಟ್ಟುಬಂದ ಡಬ್ಬಿಯಲ್ಲಿ ಛೋಲಾರ್ ದಾಲ್ ಎಂಬ ಕಡಲೆಬೇಳೆಯ ತೊವ್ವೆ ಇತ್ತು, ಇನ್ನೂ ಹಬೆಯಾಡುತ್ತ, ತುಪ್ಪದಲ್ಲಿ ಹುರಿದ ಕೊಬ್ಬರಿಯ ಚೂರುಗಳು ಮೇಲೆ ತೇಲುತ್ತ. ಊಟಕ್ಕೆ ಚಪಾತಿ, ಆ ದಾಲ್, ಸೌತೆಕಾಯಿ ಹಾಕಿದ ಕೋಸಂಬರಿ, ಅನ್ನ, ಸಾರು, ಮೊಸರು. ಬೌದಿ ಸಾರನ್ನು ಬಟ್ಟಲಲ್ಲಿ ಹಾಕಿಸಿಕೊಂಡು ಕುಡಿದು, ಹುಳಿನೀರು ಎಂದು ಬೈದು, ಮತ್ತೊಂದು ಬಟ್ಟಲು ಕೇಳಿದರು. ಈ ಊರಿನಲ್ಲಿ ಅನ್ನ ಉಂಡ ಮೇಲಿನ ನಿದ್ದೆಗೆ ಭಾತ್‌ಘೂಮ್ ಎಂಬ ಹೆಸರೂ ಹಬ್ಬದ ಗೌರವವೂ ಉಂಟು. ನಮ್ಮೆಜಮಾನರು ಪೇಪರು ಹಿಡಿದು ಕುರ್ಚಿಯಲ್ಲಿ ಅದಕ್ಕೆ ಸಿದ್ಧರಾಗುತ್ತಿದ್ದರು; ಸುಮಿ ಫೋನು ಹಿಡಿದು ತನ್ನ ಕೋಣೆಗೆ ಸರಿದಳು. ಆದರೆ ಇಬ್ಬರಿಗಿಂತಲೂ ಮೊದಲು, ಹಾಲಿನ ದಿವಾನದ ಮೇಲೆ ಐದೇ ನಿಮಿಷವೆಂದು ಕಾಲು ಚಾಚಿದ ಬೌದಿ, ನನ್ನನ್ನು ಬೈಯುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು ನಿದ್ದೆ ಹೋದರು.